ನೀರು ಬಿಡೋ ಬೈರಯ್ಯ ಶಿವಗಂಗೆಗೆ ಹೋದದ್ದು

ಬೆಂಗಳೂರಿನ ಶ್ರೀಗಂಧದ ಕಾವಲಿನಲ್ಲಿ ನಿಂತು ಬೈರಯ್ಯನವರ ಮನೆ ಎಲ್ಲಿ ಅಂತ ಕೇಳಿದರೆ ಯಾರೂ ತೋರಿಸುವುದಿಲ್ಲ. ‘ನೀರು ಬಿಡೋ ಬೈರಣ್ಣನ ಮನೆ’ ಅನ್ನಬೇಕು. ಆಗ ತರಕಾರಿ ಗಾಡಿಯವನಿಂದ ಹಿಡಿದು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನವರೆಗೆ ಎಲ್ಲರೂ ಕೈಚಾಚಿ ತೋರಿಸುತ್ತಾರೆ. ಕೆಲವರು ತೋರಿಸುವುದರ ಜೊತೆಗೆ, “ಸಿಕ್ಕಿದ್ರೆ ಕೇಳಿ ಸಾರ್, ನಮ್ ರೋಡಿಗೆ ಪ್ರೆಶರ್ ಯಾಕಿಲ್ಲ ಅಂತ” ಎಂದು ತಮ್ಮ ಅಹವಾಲನ್ನೂ ಹೊರಿಸಿ ಕಳಿಸುತ್ತಾರೆ. ಬೈರಯ್ಯ ಕೆಲಸ ಬಿಟ್ಟು ಒಂದು ಬೇಸಿಗೆ ಕಳೆದಿದೆ, ಅವನ ಜಾಗಕ್ಕೆ ಮಹದೇವ್ ಎಂಬವನು ಬಂದಿದ್ದಾನೆ ಎಂಬುದೆಲ್ಲ ಇನ್ನೂ ಅವರ ತಲೆಗೆ ಹೋಗಿಲ್ಲ.

ಹೋಗುವುದಾದರೂ ಹೇಗೆ? ಕಾವಲಿಗೆ ಕೊಳಾಯಿ ಬಂದ ಕಾಲದಿಂದ ಈ ಬೀದಿಗಳಿಗೆಲ್ಲ ಸರದಿಯ ಪ್ರಕಾರ ನೀರು ಬಿಟ್ಟವನು ಅವನೇ. ತನಗಿಂತ ಉದ್ದದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಬೆಳಕು ಹರಿಯುವ ಮೊದಲೇ ಬೀದಿಗಿಳಿಯುವನು. ರಸ್ತೆಯ ಮಧ್ಯದ ಮುಚ್ಚಳ ತೆಗೆದು, ಒಳಗಿನ ವಾಲ್ವಿಗೆ ಕೀಲಿ ಇಳಿಸಿ, ಒಂದು ಸುತ್ತು, ಎರಡು ಸುತ್ತು ತಿರುಗಿಸಿ, ಆಮೇಲೆ ಕೀಲಿಯ ಹಿಡಿಗೆ ಕಿವಿ ಹಚ್ಚಿ ನಿಲ್ಲುವನು. ಒಳಗೆ ನೀರು ನಡೆಯುವ ಸದ್ದು ಕಿವಿಗೆ ಬಿದ್ದ ಮೇಲೇ ಅವನ ಮುಖ ಸಡಿಲವಾಗುತ್ತಿದ್ದದ್ದು. ಕೀಲಿ ಕೂರದ ಕಡೆ ಟಾರಿನ ಮೇಲೆ ಅಂಗಾತ, ಕವುಚಿ, ಹೇಗೆ ಬೇಕೋ ಹಾಗೆ ಮಲಗಿ ಭುಜದವರೆಗೆ ತೋಳು ಇಳಿಸಿ ಕೆಸರಲ್ಲಿ ತಡಕಾಡುತ್ತಿದ್ದ. ಅವನಪ್ಪ ಬೆಟ್ಟಯ್ಯ ಇದೇ ಕಾವಲಿನಲ್ಲಿ ಅವರಿವರ ಮನೆಗೆ ಬಾವಿಯಿಂದ ನೀರು ಸೇದಿ ಹಾಕಿ ಬದುಕಿದವನು. ಅಪ್ಪ ಸೇದಿದ್ದನ್ನು ಮಗ ತಿರುಗಿಸಿದ, ಅಷ್ಟೇ ವ್ಯತ್ಯಾಸ.

ನೀರು ಬಿಡುವವನಿಗೆ ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಹಬ್ಬದ ದಿನವೇ ಅಲ್ಲವೇ ಜನ ಜಾಸ್ತಿ ನೀರು ಸುರಿಯುವುದು! ಮಾವನ ತಿಥಿಗೆ ಹೋದವನು ಎಲೆ ಎತ್ತುವ ಮೊದಲೇ ಸೈಕಲ್ ಹತ್ತಿದ್ದ. ನಾದಿನಿಯ ಮದುವೆಯಲ್ಲಿ ಧಾರೆಯ ಹೊತ್ತಿಗೆ ಇವನು ಅನ್ನಪೂರ್ಣೇಶ್ವರಿ ನಗರದ ತಿರುವಿನಲ್ಲಿ ವಾಲ್ವು ತಿರುಗಿಸುತ್ತಿದ್ದ. “ಧಾರೆ ನೀರು ನೀವೇ ಬಿಡ್ತಾ ಇದೀರೇನೋ ಅನ್ನೋ ಹಂಗೆ ಓಡಿಹೋದ್ರಿ” ಎಂದು ಹೆಂಡತಿ ಚಿಕ್ಕಗಂಗಮ್ಮ ಇವತ್ತಿಗೂ ಹಂಗಿಸುತ್ತಾಳೆ. ಇನ್ನು ಯಾತ್ರೆ ಎಲ್ಲಿಂದ ಬರಬೇಕು? ಶಿವಗಂಗೆ ಬೆಟ್ಟ ಇರುವುದು ಗಾಡಿ ಹತ್ತಿದರೆ ತಿಂಡಿ ಹೊತ್ತಿಗೆ ಮುಟ್ಟುವಷ್ಟು ದೂರದಲ್ಲಿ. ಅಷ್ಟು ಹತ್ತಿರದ ಆ ಪುರಾತನ ಕ್ಷೇತ್ರವನ್ನು ಬೈರಯ್ಯ ಅರವತ್ತು ತುಂಬಿದರೂ ನೋಡಿರಲಿಲ್ಲ. ಹೋಗಿಬಂದವರು ಕೊಟ್ಟ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡೇ ಆಯಸ್ಸು ಕಳೆದಿದ್ದ.

ಈ ಸಲ ಬೀದಿಯ ಹೆಂಗಸರೇ ಪಟ್ಟು ಹಿಡಿದರು. ಅವರ ಮುಖಂಡತ್ವ ಜಯದೇವಿಯದು. ಜಯದೇವಿ ಹರಿಹರದ ಕಡೆಯವಳು. ಗಂಡನ ಕೆಲಸಕ್ಕೆಂದು ಬೆಂಗಳೂರಿಗೆ ಬಂದು, ಕಾವಲಿನಲ್ಲಿ ಮನೆ ಕಟ್ಟಿ, ಕೂದಲು ಹಣ್ಣಾದರೂ ಊರ ಮಾತನ್ನು ಒಂದಿಷ್ಟೂ ಸವೆಸದೆ ಇಟ್ಟುಕೊಂಡವಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಗುಡುಗು. ಯಾರ ಮೇಲೆ ಬೇಕಾದರೂ ರೇಗುತ್ತಾಳೆ, ರೇಗಿದ ಕೈಯಲ್ಲೇ ರೊಟ್ಟಿ ಪಲ್ಯ ಕಟ್ಟಿ ಕೊಡುತ್ತಾಳೆ. ಒಂದು ಸಂಜೆ ಅವಳು ಬೈರಯ್ಯನ ಬಾಗಿಲಿಗೇ ಬಂದು ನಿಂತಳು.

“ಬೈರಣ್ಣ, ಬರೋ ಸೋಮವಾರ ಶಿವಗಂಗಿಗೆ ಹೋಗಾಣ. ಟೀಟಿ ಗಾಡಿ ಹೇಳೇವಿ. ನೀನೂ ಗಂಗಮ್ಮನೂ ಬರಬೇಕು. ಇಷ್ಟು ವರ್ಷ ನಮಗ ನೀರು ಬಿಟ್ಟೀದಿ, ಈಗ ನಾವು ನಿನ್ನ ಗಂಗಿ ಹತ್ರ ಕರಕೊಂಡು ಹೋಗ್ತೀವಿ. ಒಲ್ಲೆ ಅಂದ್ರ ನೋಡು!”

ಒಲ್ಲೆ ಅನ್ನುವ ಧೈರ್ಯ ಯಾರಿಗಿತ್ತು? ಚಿಕ್ಕಗಂಗಮ್ಮ ಆಗಲೇ ಪೆಟ್ಟಿಗೆಯಿಂದ ರೇಷ್ಮೆ ಅಂಚಿನ ಸೀರೆ ತೆಗೆಯಲು ಹೊರಟಿದ್ದಳು. ಜಯದೇವಿ ಜಗಲಿಯ ಮೇಲೆ ಕೂತು ಬೆಟ್ಟದ ವಿವರ ಹೇಳಿದಳು. ಬಂಡೆಯ ಹೊಟ್ಟೆಯಲ್ಲಿ ಗಂಗಾಧರೇಶ್ವರ, ಅವನ ಮೇಲೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ. ಇನ್ನೂ ಮೇಲೆ ಹತ್ತಿದರೆ ಒಳಕಲ್ಲು ತೀರ್ಥ. ಬಂಡೆಯಲ್ಲಿ ಒಂದು ತೂತು, ಕೈ ಹಿಡಿಸುವಷ್ಟು. ಒಳಗೆ ತೋಳು ಇಳಿಸಬೇಕು. ಪುಣ್ಯವಂತರ ಕೈಗೆ ಗಂಗೆ ಸಿಗುತ್ತಾಳೆ. ಪಾಪ ಇದ್ದವರ ಕೈಗೆ, ಶಾಪ ಇದ್ದವರ ಕೈಗೆ ಎಷ್ಟು ತಡಕಿದರೂ ಬರೀ ಕಲ್ಲೇ.

“ಶಾಪ ಇದ್ದೋರ್ಗೂ ಸಿಗಲ್ವಾ?” ಎಂದು ಬೈರಯ್ಯ ಕೇಳಿದ.

“ಎಲ್ಲಿ ಸಿಗ್ತೈತಿ? ಗಂಗಿ ಬಾಳ ಸೂಕ್ಷ್ಮ” ಎಂದಳು ಜಯದೇವಿ. ಹಾಗೆಂದವಳು ಕಾಫಿ ಕುಡಿದು ಹೋದಳು. ಬೈರಯ್ಯ ಮಾತ್ರ ಕೂತಲ್ಲೇ ಕೂತ. ಯಾಕೆಂದರೆ ಅವನ ತಲೆಯ ಮೇಲೆ ಒಂದು ಶಾಪವಿತ್ತು, ಅದನ್ನು ಹಾಕಿದವಳು ಈಗ ತಾನೇ ಕಾಫಿ ಲೋಟ ಕೆಳಗಿಟ್ಟು ಎದ್ದುಹೋದ ಜಯದೇವಿಯೇ.

ಅದಾಗಿ ಬಹಳ ವರ್ಷವಾಗಿತ್ತು. ಜಯದೇವಿ ಆಗಿನ್ನೂ ಬೀದಿಗೆ ಹೊಸಬಳು. ಬಿರುಬೇಸಿಗೆ. ಯಾರೋ ಕೇಬಲ್ಲಿಗೆಂದು ರಸ್ತೆ ಅಗೆದು ದೊಡ್ಡ ಪೈಪನ್ನೇ ಒಡೆದಿದ್ದರು. ವಾರವಾದರೂ ನೀರಿಲ್ಲ. ಪೈಪು ಒಡೆದವರು ಯಾರ ಕೈಗೂ ಸಿಗಲಿಲ್ಲ, ಸಿಕ್ಕವನು ಬೈರಯ್ಯ. ಅವನು ತಲೆ ತಗ್ಗಿಸಿ ಬೀದಿಯಲ್ಲಿ ಹೋಗುತ್ತಿರುವಾಗ ಮಹಡಿಯ ಮೇಲೆ ಖಾಲಿ ಕೊಡ ಹಿಡಿದು ನಿಂತಿದ್ದ ಜಯದೇವಿ ಕಿರುಚಿದಳು. ಪಕ್ಕದಲ್ಲೇ ಒಂದು ಲಾರಿ ಹಾರನ್ ಹೊಡೆಯುತ್ತಿತ್ತು. ಆ ಸದ್ದಿನ ನಡುವೆಯೂ ಅವನ ಕಿವಿಗೆ ಬಿದ್ದ ಮಾತು ಇದು: “ಬಾಯಿಗೆ ನೀರು ಬಿಡೋರಿಲ್ದಂಗ ಆಗ್ಲಿ!”

ಬೈಗುಳ ಅವನಿಗೆ ಹೊಸದಲ್ಲ. ನೀರು ಬಾರದ ದಿನ ಅವನ ವಂಶವನ್ನೆಲ್ಲ ಎಳೆದು ಬೈದವರಿದ್ದರು, ನೀರು ಬಂದ ಮರುದಿನ ಅವರೇ ‘ಬೈರಣ್ಣಾ’ ಎಂದು ಹಲ್ಲು ಕಿಸಿದಿದ್ದರು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದು ಅವನಿಗೆ ಕೆಲಸದ ಜೊತೆಗೇ ಬಂದ ವಿದ್ಯೆ. ಆದರೆ ಈ ಮಾತು ಹೊರಗೆ ಹೋಗಲಿಲ್ಲ. ಸಾಯುವ ಹೊತ್ತಿನಲ್ಲಿ ಬಾಯಿಗೆ ನೀರು ಬಿಡುವವರು ಮಕ್ಕಳು. ಬೈರಯ್ಯನಿಗೆ ಮಕ್ಕಳಿರಲಿಲ್ಲ. ಇನ್ನು ಆಗುವುದಿಲ್ಲ ಎಂದು ಡಾಕ್ಟರು ಹೇಳಿ, ಚಿಕ್ಕಗಂಗಮ್ಮ ಅತ್ತು ಅತ್ತು ಸುಮ್ಮನಾಗಿದ್ದದ್ದು ಅದೇ ವರ್ಷ. ಊರಿಗೆಲ್ಲ ನೀರು ಬಿಡುವವನಿಗೆ ಕೊನೆಗೆ ನೀರು ಬಿಡುವವರಿಲ್ಲ ಎಂಬುದನ್ನು ಮಹಡಿಯ ಮೇಲಿಂದ, ಲೋಕಕ್ಕೆಲ್ಲ ಕೇಳುವ ಹಾಗೆ, ಗುರುತು ಪರಿಚಯವಿಲ್ಲದ ಹೆಂಗಸು ಕೂಗಿ ಹೇಳಿಬಿಟ್ಟಳಲ್ಲ!

ಮರುದಿನ ಅದೇ ಜಯದೇವಿ ಅವನನ್ನು ಕರೆದು ಒಂದು ಚೊಂಬು ಮಜ್ಜಿಗೆ ಕೊಟ್ಟಳು. ಏನೂ ಆಗಿಯೇ ಇಲ್ಲ ಎಂಬಂತೆ, “ಬಿಸಿಲಾಗ ತಿರುಗ್ತೀದಿ, ಕುಡಿ” ಎಂದಳು. ಅವನೂ ಕುಡಿದ. ಅಂದಿನಿಂದ ಅವಳು ಅವನಿಗೆ ಅಕ್ಕನಾದಳು. ಯುಗಾದಿಗೆ ಹೋಳಿಗೆ, ಜ್ವರ ಬಂದಾಗ ಗಂಜಿ. ಬೈರಯ್ಯ ಅವಳ ಬೀದಿಗೆ ಒಂದು ದಿನವೂ ಒಂದು ಹನಿ ಕಡಿಮೆ ಬಿಡಲಿಲ್ಲ. ಆದರೂ ಆ ಮಾತು ಅವನೊಳಗೆ ಹಾಗೇ ಇತ್ತು. ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಹೇಳುವುದಂತೂ ಸಾಧ್ಯವೇ ಇರಲಿಲ್ಲ, ಅದು ಅವಳಿಗೇ ಹೆಚ್ಚು ನೋವಾಗುವ ಮಾತು.

ಈಗ ಒಳಕಲ್ಲಿನ ಸುದ್ದಿ ಕೇಳಿದ್ದೇ ತಡ, ಬೈರಯ್ಯ ಮನಸ್ಸಿನಲ್ಲೇ ತೀರ್ಮಾನಿಸಿದ. ಗಂಗೆ ತನ್ನ ಕೈಗೆ ಸಿಕ್ಕಳೋ, ಶಾಪ ಕಳೆಯಿತು. ಸಿಗಲೇಬೇಕು. ಇಷ್ಟು ವರ್ಷ ಅವಳನ್ನು ಬೀದಿಬೀದಿಗೆ ಕೈಹಿಡಿದು ಕರೆದೊಯ್ದಿದ್ದೇನೆ, ನನ್ನ ಗುರುತು ಅವಳಿಗೆ ಇಲ್ಲದಿರುತ್ತದೆಯೇ?

ಸೋಮವಾರದ ತನಕ ಅವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕ್ಷೌರ ಮಾಡಿಸಿಕೊಂಡ. ಹೊಸ ಪಂಚೆಯನ್ನು ಉಡದೆಯೇ ಎರಡು ಸಲ ಮಡಿಸಿಟ್ಟ. ಹೋಗುವ ದಿನ ಇಡೀ ಕಾವಲು ಮಲಗಿರುವಾಗಲೇ ಸ್ನಾನ ಮುಗಿಸಿ ವಿಭೂತಿ ಬಳಿದು ಬಾಗಿಲಲ್ಲಿ ನಿಂತಿದ್ದ. “ನಮ್ಮದುವೆ ದಿನಾನೂ ಇಷ್ಟು ಬೇಗ ಎದ್ದಿರ್ಲಿಲ್ಲ ನೀವು” ಎಂದು ಚಿಕ್ಕಗಂಗಮ್ಮ ಜಡೆ ಹೆಣೆದುಕೊಳ್ಳುತ್ತ ಹೇಳಿದಳು. “ಅವತ್ತು ನೀನು ಸಿಗೋದು ಗ್ಯಾರಂಟಿ ಇತ್ತು ಕಣೇ” ಎಂದ ಬೈರಯ್ಯ. ಅವಳಿಗೆ ಅರ್ಥವಾಗಲಿಲ್ಲ. ಆದರೂ ನಕ್ಕಳು.

ಟೀಟಿ ಬಂತು. ಡ್ರೈವರ್ ದುಂಡೇಶ ಹೆಸರಿಗೆ ತಕ್ಕ ಹೊಟ್ಟೆಯವನು, ಬಾಯಿ ಒಂದು ಗಳಿಗೆ ಸುಮ್ಮನಿರದು. ಗಾಡಿಯ ತುಂಬ ಬೀದಿಯ ಹೆಂಗಸರು, ಅವರ ಬುತ್ತಿ, ಹೂವಿನ ಚೀಲ, ನೀರಿನ ಬಾಟಲಿ. ಎಲ್ಲರ ಮುಂದೆ ಬೈರಯ್ಯನಿಗೆ ಕಿಟಕಿಯ ಸೀಟು. ಮದುವೆ ಗಂಡಿಗೆ ಕೊಟ್ಟ ಹಾಗೆ ಕೊಟ್ಟಿದ್ದರು, ಅವನೂ ಹಾಗೇ ಎದೆಯುಬ್ಬಿಸಿ ಕೂತ. ಸುಂಕದಕಟ್ಟೆ ದಾಟುವವರೆಗೆ ಕಂಡ ಕಂಡ ಮುಚ್ಚಳವನ್ನೆಲ್ಲ ಬೆರಳು ಮಾಡಿ ತೋರಿಸಿದ. “ಇದು ಮೇನ್ ಲೈನು. ಅಗೋ, ಅದು ಯಾವಾಗ್ಲೂ ಲೀಕು. ಇಲ್ಲಿ ಗಾಡಿ ನಿಧಾನಕ್ಕೆ ಬಿಡಪ್ಪಾ, ಮುಚ್ಚಳ ಸಡಿಲ ಇದೆ.”

“ಬೈರಣ್ಣ, ನಾವು ದೇವ್ರು ನೋಡಕ್ಕೆ ಹೋಗ್ತಾ ಇದೀವಿ. ನೀವು ಬರೀ ನೆಲಾನೇ ನೋಡ್ತಾ ಇದೀರಲ್ಲ ಗುರುವೇ!” ಎಂದ ದುಂಡೇಶ. ಗಾಡಿಯೇ ನಗೆಯಿಂದ ಅಲ್ಲಾಡಿತು.

ನೆಲಮಂಗಲದ ಹತ್ತಿರ ಅವನ ಫೋನು ಬಡಿದುಕೊಂಡಿತು. ಮಹದೇವ್. “ಅಣ್ಣ, ಅರಳಿಮರದ ಹತ್ರ ಇರೋದು ಎಡಕ್ಕೆ ತಿರುಗ್ಸೋದಾ, ಬಲಕ್ಕಾ?” ಬೈರಯ್ಯ ಸೀಟಿನಿಂದ ಅರ್ಧ ಎದ್ದು, ಗಾಳಿಯಲ್ಲೇ ಎರಡು ಕೈಯಿಂದ ಕೀಲಿ ತಿರುಗಿಸುತ್ತ ವಿವರಿಸತೊಡಗಿದ. ಚಿಕ್ಕಗಂಗಮ್ಮ ಫೋನು ಕಸಿದುಕೊಂಡು, “ಮಾದೇವಣ್ಣ, ಇವತ್ತು ಇವ್ರು ದೇವ್ರಿಗೆ ಮಾತ್ರ ಸಿಗೋದು, ಇಡಪ್ಪಾ” ಎಂದು ಕಟ್ ಮಾಡಿ ಬ್ಲೌಸಿನೊಳಗೆ ಸೇರಿಸಿಬಿಟ್ಟಳು. ಹಿಂದಿನ ಸೀಟಿನಿಂದ ಚಪ್ಪಾಳೆ ಬಿತ್ತು.

ದಾಬಸ್‌ಪೇಟೆ ಕಳೆದು ತಿರುಗುತ್ತಿದ್ದ ಹಾಗೆ ಬೆಟ್ಟ ಕಾಣಿಸಿತು. ಬೈರಯ್ಯ ಕಿಟಕಿಗೆ ಹಣೆಯೊತ್ತಿದ. ಇಡೀ ಬೆಟ್ಟವೇ ಒಂದು ಬಂಡೆ, ಎದ್ದು ಕೂತ ಬಸವನ ಹಾಗೆ. ಇಂಥ ಒಣ ಕಲ್ಲಿನ ಹೊಟ್ಟೆಯಲ್ಲಿ ನೀರಿದೆ ಎಂದರೆ, ಯಾವ ಪೈಪು, ಯಾವ ಪಂಪು ಅದನ್ನು ಅಷ್ಟು ಮೇಲಕ್ಕೆ ಎತ್ತಿತು! ಅವನ ರೋಮ ನಿಮಿರಿತು. “ಶಿವನೇ” ಎಂದು ಬಾಯಿಬಿಟ್ಟೇ ಹೇಳಿದ.

ಮೆಟ್ಟಿಲು ಶುರುವಾದಲ್ಲೇ ಕೋತಿಗಳು ಸುಂಕ ವಸೂಲಿಗೆ ಕೂತಿದ್ದವು. ಒಂದು ಜಯದೇವಿಯ ಬಾಳೆಹಣ್ಣಿನ ಚೀಲ ಹಿಡಿದು ಎಳೆಯಿತು, ಜಯದೇವಿಯೂ ಎಳೆದಳು. “ಏ ಹಲ್ಕಟ್, ದೇವರಿಗಿನ್ನ ಮೊದಲು ನಿನಗ ಬೇಕೇನ?” ಎಂದು ಗದರಿದಾಗ ಕೋತಿ ನಿಜವಾಗಿಯೂ ಚೀಲ ಬಿಟ್ಟಿತು, ಎರಡು ಹಣ್ಣು ಮಾತ್ರ ಇಟ್ಟುಕೊಂಡಿತು. ಬೈರಯ್ಯ ನಕ್ಕ. ಈಕೆಯ ಬಾಯಿಗೆ ಕೋತಿಯೇ ಹೆದರುವಾಗ ಗಂಗೆ ಹೆದರದಿರುತ್ತಾಳೆಯೇ ಎಂಬ ಯೋಚನೆಯೂ ಒಮ್ಮೆ ಸುಳಿಯಿತು. ಅದನ್ನು ಅಲ್ಲೇ ಒದರಿ ಮುಂದೆ ಹತ್ತಿದ.

ಗುಹೆಯೊಳಗೆ ಕಾಲಿಟ್ಟರೆ ತಣ್ಣಗೆ ಮೈ ಜುಮ್ಮೆಂದಿತು. ಎಷ್ಟು ಕಾಲದ ದೀಪದ ಹೊಗೆಯೋ, ಬಂಡೆ ಕರ್ರಗಾಗಿ ಮಿರುಗುತ್ತಿತ್ತು. ಅರ್ಚಕರು ಲಿಂಗದ ಮೇಲೆ ತುಪ್ಪ ಸವರಿ ಸವರಿ ಉಜ್ಜಿದರು. ನೋಡನೋಡುತ್ತ ಅದು ಬೆಳ್ಳಗೆ ಬೆಣ್ಣೆಯ ಹಾಗೆ ಎದ್ದಿತು. ಬೈರಯ್ಯ ಮುಂದಿನವರ ಹೆಗಲ ಮೇಲೆ ಕೈಯಿಟ್ಟು ತುದಿಗಾಲಲ್ಲಿ ನಿಂತು ಬಾಯಿ ಬಿಟ್ಟ. ಬೆಣ್ಣೆ ಕಾಸಿ ತುಪ್ಪ ಮಾಡುವುದನ್ನು ಅವನು ಕಂಡಿದ್ದ. ತುಪ್ಪ ಮತ್ತೆ ಬೆಣ್ಣೆಯಾಗುವುದನ್ನು ಯಾರು ಕಂಡಿದ್ದಾರೆ! ಆಗಿಹೋದದ್ದೂ ಹಿಂದಕ್ಕೆ ತಿರುಗುವ ಜಾಗ ಇದು ಎಂದುಕೊಂಡ. ಹೊಳೆದ ಕೂಡಲೇ ಅವನಿಗೆ ತಡೆಯಲಾಗಲಿಲ್ಲ. ಮಂಗಳಾರತಿ ಕಣ್ಣಿಗೊತ್ತಿಕೊಂಡವನೇ, ಉಸ್ಸೆಂದು ಕೂತ ಹೆಂಗಸರನ್ನೆಲ್ಲ ಎಬ್ಬಿಸಿದ. “ನಡೀರಿ ನಡೀರಿ, ಒಳಕಲ್ಲಿಗೆ ಹೋಗಣ. ಅಲ್ಲಿ ಸುಧಾರಿಸ್ಕೊಳ್ಳೋರಂತೆ.”

“ಮಂಡಿನೋವು ಮಂಡಿನೋವು ಅಂತ ಮನೇಲಿ ರಾಗ ಎಳೀತಾ ಇದ್ರಲ್ಲ, ಎಲ್ಲಿಹೋಯ್ತು ಅದು?” ಎಂದಳು ಚಿಕ್ಕಗಂಗಮ್ಮ.

“ಕೆಳಗೇ ಬಿಟ್ಬಂದೆ, ಕೋತಿ ಕಾಯ್ತಾ ಇರುತ್ತೆ” ಎಂದು ಮೇಲೆ ನೋಡುತ್ತಲೇ ಹತ್ತಿದ. ಬಂಡೆಗೆ ಕಡಿದ ಮೆಟ್ಟಿಲು ಕಡಿದಾಗುತ್ತ ಹೋಯಿತು, ಗಾಳಿ ಪಂಚೆಯನ್ನು ಹಿಡಿದು ಎಳೆಯಿತು, ಕೆಳಗಿನ ಕೆರೆ ಹೊಲ ಎಲ್ಲ ಚಿಕ್ಕದಾದವು. ದುಂಡೇಶ ಹೊಟ್ಟೆ ಹಿಡಿದುಕೊಂಡು ಹಿಂದೆ ಉಳಿದ. ಜಯದೇವಿ ಬೈರಯ್ಯನ ಹೆಗಲು ಹಿಡಿದೇ ಹತ್ತಿದಳು.

ಒಳಕಲ್ಲಿನ ಮುಂದೆ ಸಾಲು ಇತ್ತು. ತಗ್ಗಾದ ಗುಹೆ. ನೆಲದ ಬಂಡೆಯಲ್ಲಿ ಒಂದು ತೂತು. ಪಕ್ಕದಲ್ಲಿ ಕೂತ ಪೂಜಾರಿ, “ಕೂತ್ಕೊಳ್ಳಿ, ಭುಜದವರೆಗೂ ಬಿಡಿ, ಮನಸಲ್ಲಿ ನೆನೆಸ್ಕೊಳ್ಳಿ” ಎಂದು ಒಂದೇ ರಾಗದಲ್ಲಿ ಹೇಳುತ್ತಿದ್ದರು. ನೀರು ಸಿಕ್ಕವರು ‘ಸಿಕ್ತು’ ಎಂದು ಕಿರುಚುವರು, ಗುಹೆಯೆಲ್ಲ ‘ಹರಹರ’ ಎನ್ನುವುದು. ಸಿಗದವರು ತೋಳು ಒರೆಸಿಕೊಂಡು ಬೇರೆ ಕಡೆ ನೋಡುತ್ತ ಎದ್ದು ಹೋಗುವರು. ಬೈರಯ್ಯ ಶರಟಿನ ತೋಳನ್ನು ಆಗಲೇ ಮೇಲಕ್ಕೆ ಸುತ್ತಿಟ್ಟುಕೊಂಡಿದ್ದ.

ಮೊದಲು ಚಿಕ್ಕಗಂಗಮ್ಮ ಕೂತಳು. ಕೈ ಇಳಿಸಿದ್ದಷ್ಟೇ, “ಅಯ್ಯೋ, ತಣ್ಣಗಿದೆ ಕಣ್ರೀ! ಸಿಕ್ತು!” ಎಂದು ಚಿಕ್ಕ ಹುಡುಗಿಯ ಹಾಗೆ ಕೂಗಿದಳು. ಹೆಸರೇ ಗಂಗಮ್ಮ, ಸಿಗದೆ ಎಲ್ಲಿ ಹೋದಾಳು ಎಂದು ಎಲ್ಲರೂ ನಕ್ಕರು. ಅವಳು ಒದ್ದೆ ಬೆರಳನ್ನು ಕಣ್ಣಿಗೊತ್ತಿಕೊಂಡು ಗಂಡನಿಗೆ ಜಾಗ ಬಿಟ್ಟಳು.

ಬೈರಯ್ಯ ಕೂರಲಿಲ್ಲ, ಮಲಗಿಯೇಬಿಟ್ಟ. ಕಾವಲಿನ ರಸ್ತೆಗಳಲ್ಲಿ ಮಲಗಿ ಅಭ್ಯಾಸವಾದ ಮೈ. ಕೆನ್ನೆಯನ್ನು ಬಂಡೆಗೆ ಒತ್ತಿ, ಕಣ್ಣು ಮುಚ್ಚಿ, ತೋಳನ್ನು ಮೆಲ್ಲಗೆ ಇಳಿಸಿದ. ಮಣಿಕಟ್ಟು ಹೋಯಿತು, ಮೊಣಕೈ ಹೋಯಿತು, ಭುಜ ಕಲ್ಲಿಗೆ ತಾಗಿತು. ಬೆರಳು ಚಾಚಿದ. ಒಣ ಕಲ್ಲು. ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ. ತಣ್ಣಗಿನ, ಒಣ ಕಲ್ಲು. ಉಸಿರು ಬಿಟ್ಟು ಮೈ ಸಣ್ಣದು ಮಾಡಿ ಇನ್ನೊಂದು ಬೆರಳಷ್ಟು ಒಳಗೆ ತಳ್ಳಿದ. ಗಂಗವ್ವಾ, ನಾನು ಬೈರ, ಎಂದು ಮನಸ್ಸಿನಲ್ಲೇ ಕರೆದ. ಕಲ್ಲು ಕಲ್ಲಾಗಿಯೇ ಇತ್ತು.

“ಏನ್ ಬೈರಣ್ಣ, ಬಂತಾ?” ಎಂದು ದುಂಡೇಶ ಏದುಸಿರು ಬಿಡುತ್ತ ಹಿಂದಿನಿಂದ ಕೇಳಿದ. ಬೈರಯ್ಯ ಬರಿದೇ ತಲೆ ಅಲ್ಲಾಡಿಸಿದ. “ಇವತ್ತು ನಮ್ ಏರಿಯಾ ಟರ್ನ್ ಇಲ್ಲ ಅನ್ಸುತ್ತೆ ಗುರುವೇ! ನಾಳೆ ಬಿಡ್ತಾರೇನೋ!” ಎಂದ ದುಂಡೇಶ.

ಗುಹೆ ತುಂಬ ನಗೆ. ಊರಿಗೆಲ್ಲ ನೀರು ಬಿಡುವವನಿಗೇ ನೀರಿಲ್ಲ ಎಂದರೆ ಯಾರು ತಾನೇ ನಗುವುದಿಲ್ಲ? ಪೂಜಾರಿಯೂ ನಕ್ಕರು. ಬೈರಯ್ಯ ಎದ್ದು ಕೂತ. ತೋಳಿಗೆ ಮೆತ್ತಿದ ಮಣ್ಣನ್ನು ಒರೆಸಿಕೊಳ್ಳಲಿಲ್ಲ. ಸರದಿಗೆ ಕಾಯುತ್ತ ಸೆರಗು ಬಿಗಿದುಕೊಳ್ಳುತ್ತಿದ್ದ ಜಯದೇವಿಯನ್ನು ನೋಡಿದ, ನೋಡಿದ್ದೇ ಇಷ್ಟು ವರ್ಷ ಕಚ್ಚಿ ಹಿಡಿದಿದ್ದ ಮಾತು ಹೊರಗೆ ಬಂದುಬಿಟ್ಟಿತು.

“ನಿಮ್ಮ ಮಾತು ಫಲಿಸ್ತು ಜಯಕ್ಕ.”

“ಯಾವ ಮಾತೋ?”

“ಅದೇ. ಪೈಪ್ ಒಡೆದಿತ್ತಲ್ಲ, ಆ ಬೇಸಿಗೇಲಿ. ನೀವು ಮಹಡಿ ಮೇಲೆ ನಿಂತು ಅಂದ್ರಲ್ಲ, ಬಾಯಿಗೆ ನೀರು ಬಿಡೋರು ಇಲ್ದಂಗಾಗ್ಲಿ ಅಂತ. ಮಕ್ಕಳಿಲ್ದೋನಿಗೆ ಅಂದ್ರಿ. ಅದು ತಟ್ಟಿದೆ ನೋಡಿ, ಗಂಗೆ ಕೈಗೇ ಸಿಗಲಿಲ್ಲ.”

ನಗೆ ಅರ್ಧದಲ್ಲೇ ನಿಂತಿತು. ಜಯದೇವಿಯ ಮುಖ ಮೊದಲು ಕೆಂಪಾಯಿತು. “ನಾನಾ? ನಾನು ಹಂಗ ಅಂದಿಲ್ಲ! ಹಂಗ್ಯಾಕ ಅಂತೀನಿ? ‘ಆಗೇತಿ’ ಅಂದಿರ್ತೀನಿ. ಬಾಯಿಗೆ ನೀರು ಬಿಡೋರಿಲ್ದಂಗ ಆಗೇತಿ! ನಮ್ಮ ಕಡಿ ಹಂಗಾ ಅನ್ನೋದು. ನಮ್ಮ ಮನ್ಯಾಗ ಕುಡಿಯಾಕ ಹನಿ ನೀರಿಲ್ಲ, ಯಾರೂ ಬಿಡೋರಿಲ್ಲ ಅಂತ ನನ್ನ ಹಣೇಬರಾನ ನಾನು ಬೈಕೊಂಡೇನಿ. ಆಗೇತಿ ಅಂದದ್ದನ್ನ ಆಗ್ಲಿ ಅಂತ ಕೇಳಿಸ್ಕೊಂಡು ಇಷ್ಟು ವರ್ಷ ಇಟ್ಕೊಂಡೀಯೇನೋ?”

“ಆಗ್ಲಿ ಅಂತಾನೇ ಕೇಳಿಸ್ತು” ಎಂದ ಬೈರಯ್ಯ. “ಲಾರಿ ಹಾರನ್ ಹೊಡೀತಾ ಇತ್ತು. ಆದ್ರೂ ಕೇಳಿಸ್ತು.”

ಚಿಕ್ಕಗಂಗಮ್ಮ ಜಯದೇವಿಯನ್ನು ಸರಿಸಿ ಗಂಡನ ಮುಂದೆ ಬಂದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿಯಲ್ಲಿ ಇದ್ದದ್ದು ಸಿಟ್ಟು. “ಇದನ್ನ ಹೊಟ್ಟೇಲಿಟ್ಕೊಂಡು ನನ್ನ ಪಕ್ಕದಲ್ಲೇ ಮಲಗ್ತಾ ಇದ್ರಾ? ಬಾಯಿಗೆ ನೀರು ಬಿಡೋರಿಲ್ಲ ಅಂತೆ! ನಾನೇನ್ ಸತ್ತೋಗಿದೀನಾ? ನನ್ನ ಕೈ ಕೈಯಲ್ವಾ?”

ಮಕ್ಕಳು, ಮಕ್ಕಳು ಎಂದೇ ಯೋಚಿಸಿದ ಬೈರಯ್ಯನಿಗೆ ಇದು ಒಂದು ದಿನವೂ ತಲೆಗೆ ಬಂದಿರಲಿಲ್ಲ. ಪಕ್ಕದಲ್ಲಿದ್ದವಳನ್ನೇ ಲೆಕ್ಕಕ್ಕೆ ಹಿಡಿಯದೆ ಕೊರಗಿದ್ದ ದಡ್ಡ. ಸಾಲಿನ ಹಿಂದಿನಿಂದ ಯಾರೋ, “ಸಾರ್, ಸ್ವಲ್ಪ ಬೇಗ” ಎಂದು ಕೂಗಿದರು. “ಇರ್ರೀ, ಮನೆ ವಿಷ್ಯ ನಡೀತಾ ಇದೆ” ಎಂದು ದುಂಡೇಶ ಅವರನ್ನು ತಡೆದ. ಈಗ ಅವನ ಮುಖದಲ್ಲೂ ನಗೆಯಿರಲಿಲ್ಲ.

ಜಯದೇವಿಯ ದನಿ ತಗ್ಗಿದ್ದನ್ನು ಬೀದಿಯವರು ಯಾರೂ ಕೇಳಿರಲಿಲ್ಲ. ಈಗ ತಗ್ಗಿದ ದನಿಯಲ್ಲೇ ಹೇಳಿದಳು. “ನೆಪ್ಪಿಲ್ಲ ಬೈರಣ್ಣ. ಆಗೇತಿ ಅಂದೆನೋ, ಆಗ್ಲಿ ಅಂದೆನೋ. ಸಿಟ್ಟು ಬಂದಾಗ ನನ್ನ ಬಾಯಿ ನನ್ನ ಮಾತು ಕೇಳೋದಿಲ್ಲ. ಅಂದಿದ್ರೂ ಅಂದಿರಬಹುದು.”

ಅಷ್ಟು ಹೇಳಿ ಅವಳು ದಡಕ್ಕನೆ ಕೂತಳು. ಬಳೆ ಮೇಲಕ್ಕೆ ಸರಿಸಿ, ಪೂಜಾರಿ ‘ನೆನೆಸ್ಕೊಳ್ಳಿ’ ಎನ್ನುವ ಮೊದಲೇ ತೋಳು ಇಳಿಸಿದಳು. ತಡಕಿದಳು. ಹಲ್ಲು ಕಚ್ಚಿ ಇನ್ನೂ ಇಳಿಸಿದಳು. ಬೈರಯ್ಯ ಉಸಿರು ಬಿಗಿಹಿಡಿದು ನೋಡಿದ. ಈಕೆಗಾದರೂ ಸಿಗಲಿ ಎಂದು ಅವನ ಮನಸ್ಸು ಬೇಡಿಕೊಂಡದ್ದು ಅವನಿಗೇ ಆಶ್ಚರ್ಯ. ಜಯದೇವಿಯ ಮುಖ ಅರಳಿತು. ಅವಳು ಕೈಯನ್ನು ಬಟ್ಟಲಿನ ಹಾಗೆ ಮಾಡಿ, ಕಲ್ಲಿಗೆ ತಾಗದ ಹಾಗೆ ಮೆಲ್ಲಮೆಲ್ಲಗೆ ಎಳೆದು ತಂದಳು. ಅಂಗೈ ಗುಳಿಯಲ್ಲಿ ಒಂದು ಗುಟುಕಿನಷ್ಟು ನೀರಿತ್ತು. ಬೆರಳ ಸಂದಿಯಲ್ಲಿ ಸೋರುತ್ತಿತ್ತು.

“ಬಾಯಿ ತೆಗಿ ಬೈರಣ್ಣ” ಎಂದಳು.

“ಅಯ್ಯೋ ಜಯಕ್ಕ!” ಚಿಕ್ಕಗಂಗಮ್ಮ ಎದೆಗೆ ಕೈಯಿಟ್ಟುಕೊಂಡಳು. “ಬದುಕಿರೋರ ಬಾಯಿಗೆ ಹಂಗೆ ನೀರು ಬಿಡ್ತಾರಾ? ತೀರ್ಥ ಕೈಗೆ ಕೊಡಿ. ಬಿಡ್ತು ಅನ್ನಿ, ಮೊದಲು ಬಿಡ್ತು ಅನ್ನಿ!”

ಕೆಟ್ಟ ಮಾತು ಬಾಯಿಂದ ಬಿದ್ದರೆ ಅದರ ವಿಷ ಇಳಿಸಲು ಹಿಂದಿನವರು ಕೊಟ್ಟ ಮಂತ್ರ ಅದೊಂದೇ. ಜಯದೇವಿ ಅಂಗೈಯನ್ನು ಹಾಗೇ ಹಿಡಿದು ಬೈರಯ್ಯನ ಕಣ್ಣನ್ನೇ ನೋಡಿದಳು. “ಅಂತೀನಿ. ಅವತ್ತಿನ ಮಾತಿಗೂ ಸೇರಿಸೇ ಅಂತೀನಿ. ಬಿಡ್ತು. ಬಿಡ್ತು ಅಂದೇನಿ, ಕೇಳಿಸ್ತಾ? ಈಗ ಲಾರಿ ಇಲ್ಲ. ನಿನ್ನ ಬಾಯಿಗೆ ನೀರು ನಾನಾ ಬಿಡ್ತೀನಿ, ಇವತ್ತಾ ಬಿಡ್ತೀನಿ, ನೀನು ಗಟ್ಟಿಮುಟ್ಟಾಗಿ ಇದ್ದಾಗ ಬಿಡ್ತೀನಿ. ಸೋರಾಕತ್ತೇತಿ, ತೆಗಿಯೋ ಬಾಯಿ!”

ಬೈರಯ್ಯ ಬಾಯಿ ತೆರೆದ. ಜಯದೇವಿ ಅಂಗೈ ಬಗ್ಗಿಸಿದಳು. ಅರ್ಧ ಗಲ್ಲದ ಮೇಲೆ ಹರಿಯಿತು, ಅರ್ಧ ಒಳಗೆ ಹೋಯಿತು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಅವನು ನುಂಗಿ ಕಣ್ಣು ಬಿಟ್ಟ. ಯಾರೋ ‘ಹರಹರ’ ಎಂದರು, ಸಾಲಿನಲ್ಲಿ ನಿಂತವರೆಲ್ಲ ಏನು ಎತ್ತ ಎಂದು ತಿಳಿಯದೆಯೇ ‘ಮಹಾದೇವ’ ಎಂದು ಕೂಗಿದರು. ಬೈರಯ್ಯನಿಗೆ ಒಮ್ಮೆಲೇ ನಗು ಬಂತು, ಹೊಟ್ಟೆಯಿಂದ ಬಂದ ನಗು. ನಗುತ್ತಲೇ ಅವನ ಕಣ್ಣು ತುಂಬಿ ಹರಿಯಿತು, ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ.

“ಇನ್ನೊಂದು ಚೂರು ಬಿಡಿ ಜಯಕ್ಕ” ಎಂದ. “ಗಂಟಲಿಗೇ ಇಳೀಲಿಲ್ಲ.”

ಜಯದೇವಿ ಮತ್ತೆ ಬಂಡೆಯ ಕಡೆ ಬಾಗುವಷ್ಟರಲ್ಲಿ ಚಿಕ್ಕಗಂಗಮ್ಮ ಅವಳ ತೋಳು ಹಿಡಿದು ಎಬ್ಬಿಸಿದಳು. “ಸರೀರಿ, ನಿಮ್ದಾಯ್ತು. ಇನ್ನು ನಂದು” ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಂಡೆಯ ಮುಂದೆ ಕೂತು, ಬಳೆಗಳ ಸಮೇತ ತೋಳನ್ನು ಒಳಗೆ ಇಳಿಸಿದಳು. ಪೂಜಾರಿ ಸಾಲಿನವರಿಗೆ ಇರಿ ಎಂದು ಕೈ ಮಾಡಿದರು. ಬೈರಯ್ಯ ಅವಳ ಪಕ್ಕದಲ್ಲಿ ಮಂಡಿಯೂರಿ, ಬಾಯಿ ತೆರೆದುಕೊಂಡೇ ಕಾದ.